ಕುರಕುಂಟಾದ ರಿವಾಲ್ವರು: ಒಂದು ಐತಿಹ್ಯದ ಪರೀಕ್ಷೆ

೧. ಪ್ರಸ್ತಾವನೆ

ಶಿಲಾಲೇಖ, ತಾಮ್ರಪಟ, ಓಲೆಯ ಕಟ್ಟು ಇವುಗಳನ್ನು ಕುರಿತು ಬರೆಯುವುದು ಈ ಬಗೆಯ ಪತ್ರಿಕೆಗಳ ಪರಿಪಾಟಿ. ಪ್ರಕೃತ ಲೇಖನದ ವಸ್ತುವಾದರೋ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಹಳೆಯ ರಿವಾಲ್ವರು. ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ ನ್ಯಾಯಗಳನ್ನು ಓದಿ, ಹಸ್ತಪ್ರತಿಗಳ ಪರಿಷ್ಕರಣದಲ್ಲಿಯೇ ಆಯುಸ್ಸಿನ ಬಹುಭಾಗವನ್ನು ಕಳೆದ ನನ್ನಂಥವನು ಇಂತಹ ವಸ್ತುವಿನ ವಿಷಯವಾಗಿ ಲೇಖನಿಯನ್ನು ಹಿಡಿಯುವುದು ವಾಚಕ ಮಹಾಶಯರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ವಸ್ತುವು ನನ್ನ ತಾಯಿಯ ತವರುಮನೆಯದು. ಅದರೊಡನೆ ಸುರಪುರದ ಕಡೆಯ ಅರಸನ ಮರಣದ ಕಥೆಯೊಂದು ಅಂಟಿಕೊಂಡಿರುವುದು. ಆ ಕಥೆಯನ್ನು ಕೇಳಿಯೇ ನಾನು ಬೆಳೆದವನು. ಸೋದರಮಾವಂದಿರು ಕಾಲವಾದ ಮೇಲೆ ಅದು ಯಾರಿಗೆ ಸೇರಬೇಕು, ಅದನ್ನು ಏನೆಂದು ಹೇಳಿ ಇಡಬೇಕು ಎಂಬ ಪ್ರಶ್ನೆಯು ಬಂದೊದಗಿತು. ವಸ್ತುಸಂಗ್ರಹಾಲಯವೊಂದಕ್ಕೆ 'ಸುರಪುರದ ರಾಜನ ಪ್ರಾಣವನ್ನು ತೆಗೆದ ಪಿಸ್ತೂಲು' ಎಂಬ ಫಲಕದೊಡನೆ ಒಪ್ಪಿಸಬೇಕೆಂಬುದು ಮಾವನ ಮಗನ ಅಭಿಲಾಷೆ. ಫಲಕವನ್ನು ಬರೆದುಕೊಡುವ ಕೆಲಸವು ನನ್ನ ಪಾಲಿಗೆ ಬಂತು. ಬರೆಯುವುದಕ್ಕೆ ಮೊದಲು ಪರೀಕ್ಷಿಸಬೇಕೆಂದು ಹೊರಟುದರ ಫಲವೇ ಈ ಲೇಖನ.

ಕುರಕುಂಟಾ ಗ್ರಾಮವು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿಗೆ ಸೇರಿದುದು. ವಾಡಿಯಿಂದ ಸಿಕಂದರಾಬಾದಿಗೆ ೧೮೭೪ರಲ್ಲಿ ಆರಂಭವಾದ ರೈಲುಮಾರ್ಗದ ಮೇಲೆ ಅದು ಇರುವುದು. ರಾಷ್ಟ್ರಕೂಟರ ಮಾನ್ಯಖೇಟವಾದ ಮಳಖೇಡವು ಇದೇ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿದೆ. ೧೯೪೮ರ ಸೆಪ್ಟೆಂಬರಿನವರೆಗೆ ಈ ಸೀಮೆಯು ನಿಜಾಮರ ಸಂಸ್ಥಾನದಲ್ಲಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇಲ್ಲಿಯ ಹಳೆಯ ಮನೆಗಳ ಕಾಗದಪತ್ರಗಳು ಕನ್ನಡ, ಮೋಡಿ, ಉರ್ದು ಈ ಮೂರರಲ್ಲಿಯೂ ದೊರೆಯುವುದಕ್ಕೆ ಈ ಪೂರ್ವಚರಿತ್ರೆಯೇ ಕಾರಣ. ಮುಂದಿನ ವಿಚಾರದಲ್ಲಿ ಇದು ಪ್ರಯೋಜನಕ್ಕೆ ಬರುವುದು.

೨. ಮನೆಯ ಐತಿಹ್ಯ

ತಾಯಿಯವರ ಬಾಯಿಂದ ನಾನು ಕೇಳಿದ ಕಥೆಯು ಇಷ್ಟು. ಮಾವಂದಿರ ಮುತ್ತಾತನು ಹೈದರಾಬಾದು ಕಂಟಿಂಜೆಂಟ್ ಎಂಬ ಸೈನ್ಯದಲ್ಲಿ ದವಸಧಾನ್ಯಗಳ ಲೆಕ್ಕವನ್ನು ಬರೆಯುವ ಗುಮಾಸ್ತನಾಗಿದ್ದನಂತೆ. ಸೆರೆಯಾಳಾದ ಸುರಪುರದ ರಾಜನನ್ನು ಕಾವಲಿನೊಡನೆ ಮದರಾಸಿನ ಕಡೆಗೆ ಒಯ್ಯುವಾಗ ಅವನೂ ಆ ಬಿಡಾರದಲ್ಲಿದ್ದನಂತೆ. ರಾಜನು ಗುಂಡಿಗೆ ಬಲಿಯಾದ ಮೇಲೆ, ಆ ಆಯುಧದ ಒಡೆಯನಾದ ಬಿಳಿಯ ಅಧಿಕಾರಿಯು ಇದನ್ನು ಇನ್ನು ನನ್ನ ಕಣ್ಣಿಗೆ ತೋರಿಸಬೇಡಿರೆಂದು ಗುಮಾಸ್ತನ ಕೈಗೆ ಕೊಟ್ಟುಬಿಟ್ಟನಂತೆ. ಅವನು ಅದನ್ನು ಬಟ್ಟೆಯಲ್ಲಿ ಸುತ್ತಿ ಊರಿಗೆ ತಂದನಂತೆ. ಅಂದಿನಿಂದ ಅದು ಕಬ್ಬಿಣದ ಪೆಟ್ಟಿಗೆಯಲ್ಲಿದ್ದು ಪ್ರತಿವರ್ಷ ಖಂಡೇನವಮಿಯ ದಿನ ಹೊರಗೆ ಬಂದು, ಕುಡುಗೋಲು, ಕೊಡಲಿ, ಲೆಕ್ಕಣಿಕೆಗಳ ಸಾಲಿನಲ್ಲಿ ಗಂಧ ಕುಂಕುಮಗಳಿಂದ ಪೂಜೆಗೊಳ್ಳುತ್ತಿತ್ತು. ಪೂಜೆಯನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಮಾವಂದಿರು ಅದನ್ನು ಮುಟ್ಟುವುದಕ್ಕೆ ಮೊದಲು ಕೈಗಳನ್ನು ಜೋಡಿಸುತ್ತಿದ್ದರು.

ನಮ್ಮ ಶಾಸ್ತ್ರಕಾರರು ಇಂತಹ ಮಾತಿಗೆ 'ಐತಿಹ್ಯ'ವೆಂದು ಹೆಸರಿಟ್ಟಿರುವರು. ಮೊದಲು ನುಡಿದವನಾರೆಂಬುದು ತಿಳಿಯದೆ 'ಹೀಗಂತೆ' ಎಂದು ಪರಂಪರೆಯಿಂದ ನಡೆದುಬಂದ ನುಡಿಯೇ ಐತಿಹ್ಯ. ಪೌರಾಣಿಕರು ಅದನ್ನು ಪ್ರತ್ಯೇಕ ಪ್ರಮಾಣವೆಂದು ಎಣಿಸಿದರು. ಗೌತಮನ ನ್ಯಾಯಸೂತ್ರವು ಅದನ್ನು ಶಬ್ದಪ್ರಮಾಣದಲ್ಲಿಯೇ ಅಡಗಿಸಿತು. ಅಡಗಿಸಿದುದರ ತಾತ್ಪರ್ಯವು ಐತಿಹ್ಯವನ್ನು ತಳ್ಳಿಬಿಡುವುದಲ್ಲ. ಮಾತು ಪ್ರಮಾಣವಾಗಬೇಕಾದರೆ ನುಡಿದವನು ಆಪ್ತನಾಗಿರಬೇಕು, ಅಂದರೆ ವಿಷಯವನ್ನು ಕಂಡು ಕಂಡಂತೆ ಹೇಳುವವನಾಗಿರಬೇಕು. ಐತಿಹ್ಯಕ್ಕೂ ಈ ನಿಯಮವು ತಪ್ಪದು. ನಮ್ಮ ತಾಯಿ, ಮಾವಂದಿರು ಆಪ್ತರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರು ಕಂಡುದು ಪೂಜೆಯನ್ನು, ೧೮೫೮ರ ಬಿಡಾರವನ್ನಲ್ಲ.

೩. ೧೮೫೮ರ ಘಟನೆ

ಮನೆಯ ಕಥೆಯನ್ನು ತೂಗುವುದಕ್ಕೆ ಮುನ್ನ ಚರಿತ್ರೆಯಲ್ಲಿ ಸಿದ್ಧವಾದ ಅಂಶಗಳನ್ನು ಸಂಗ್ರಹಿಸುವುದು ಯುಕ್ತ. ಸುರಪುರದ ಬೇಡ ಅರಸರ ಕಡೆಯ ರಾಜನು ನಾಲ್ವಡಿ ವೆಂಕಟಪ್ಪ ನಾಯಕ. ತಂದೆಯು ತೀರಿದಾಗ ಇವನು ಬಾಲಕನಾದುದರಿಂದ ಸಂಸ್ಥಾನದ ಆಡಳಿತವನ್ನು ಮೆಡೋಸ್ ಟೇಲರ್ ಸಾಹೇಬರು ನೋಡಿಕೊಳ್ಳುತ್ತಿದ್ದರು. ೧೮೫೩ರಲ್ಲಿ ರಾಜನು ಪ್ರಾಪ್ತವಯಸ್ಕನಾಗಲು ಅಧಿಕಾರವನ್ನು ಅವನಿಗೆ ಒಪ್ಪಿಸಿ ಹೊರಟರು. ಹುಡುಗನು ಸಾಹೇಬರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನೆಂದು ಅವರ ಆತ್ಮಚರಿತ್ರೆಯಿಂದ ತಿಳಿದುಬರುತ್ತದೆ.

೧೮೫೭ರ ಆಯುಧ ಕಾಯಿದೆಯಿಂದ ಜನರ ಕೈಯ ಆಯುಧಗಳನ್ನು ಕಿತ್ತುಕೊಳ್ಳುವ ಕ್ರಮವು ಮೊದಲಾದಾಗ ಕನ್ನಡ ನಾಡಿನ ಉತ್ತರಭಾಗವು ಕದಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದೇ ವರ್ಷದ ನವೆಂಬರಿನಲ್ಲಿ ಆಯುಧಗಳನ್ನು ಒಪ್ಪಿಸಲಾರೆವೆಂದು ದಂಗೆಯೆದ್ದು ನಾಶವಾದರು. ಅವರ ಲಾವಣಿಯನ್ನು ಶಾಸನತಜ್ಞರಾದ ಫ್ಲೀಟ್ ಸಾಹೇಬರು ಸಂಗ್ರಹಿಸಿ ಪ್ರಕಟಿಸಿದುದು ವಿದ್ವಾಂಸರಿಗೆ ತಿಳಿದೇ ಇದೆ. ೧೮೫೮ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಹೋರಾಟ ನಡೆದು, ರಾಜನು ರಾತ್ರಿಯಲ್ಲಿ ಊರನ್ನು ಬಿಟ್ಟು ಹೈದರಾಬಾದನ್ನು ಸೇರಿ, ಅಲ್ಲಿ ಸಾಲಾರಜಂಗರ ಕಡೆಯವರಿಂದ ಸೆರೆಯಾದನು. ವಿಚಾರಣೆಯಲ್ಲಿ ಮರಣದಂಡನೆಯು ವಿಧಿಸಲ್ಪಟ್ಟಿತು. ರೆಸಿಡೆಂಟರು ಅದನ್ನು ಆಜೀವ ದ್ವೀಪಾಂತರವಾಸಕ್ಕೆ ಇಳಿಸಿದರು. ಗವರ್ನರ್ ಜನರಲ್ಲರು ಮತ್ತೂ ಇಳಿಸಿ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಯನ್ನು ಮಾತ್ರ ಉಳಿಸಿದರು. ಅಲ್ಲಿಗೆ ಒಯ್ಯುವಾಗ ದಾರಿಯ ಬಿಡಾರದಲ್ಲಿ ಕಾವಲಿನ ಅಧಿಕಾರಿಯು ರಿವಾಲ್ವರಿದ್ದ ನಡುಕಟ್ಟನ್ನು ಬಿಚ್ಚಿ ಕುರ್ಚಿಗೆ ತಗುಲಿಸಿ ಹೊರಗೆ ಹೋದನೆಂದೂ, ಗುಂಡಿನ ಸಪ್ಪಳವನ್ನು ಕೇಳಿ ಓಡಿಬಂದು ನೋಡಲು ರಾಜನು ಸತ್ತುಬಿದ್ದಿದ್ದನೆಂದೂ, ಗುಂಡು ಹೊಟ್ಟೆಯನ್ನು ಹೊಕ್ಕು ಬೆನ್ನೆಲುಬಿನ ಮೂಲಕ ಹಾದುಹೋಗಿತ್ತೆಂದೂ ಟೇಲರರು ಬರೆದಿರುವರು. ರಾಜನು ಇಪ್ಪತ್ತುನಾಲ್ಕನೆಯ ವರ್ಷವನ್ನು ದಾಟಲಾರನೆಂಬ ಜಾತಕದ ಫಲವು ಹೀಗೆ ನಿಜವಾಯಿತೆಂಬುದನ್ನೂ ಅವರು ಸೇರಿಸಿದ್ದಾರೆ. ೧೮೬೦ರ ಒಪ್ಪಂದದಿಂದ ಸುರಪುರವು ನಿಜಾಮರ ಕೈಸೇರಿತು.

ಈ ವೃತ್ತಾಂತದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಟೇಲರರು ಅದನ್ನು ಕಣ್ಣಾರೆ ಕಂಡವರಲ್ಲ, ಕೇಳಿ ಬರೆದವರು, ಅವರ ಆತ್ಮಚರಿತ್ರೆಯು ಪ್ರಕಟವಾದುದು ಅವರು ತೀರಿದ ಮರುವರ್ಷ, ೧೮೭೭ರಲ್ಲಿ. ಎರಡನೆಯದಾಗಿ, ಬಿಡಾರದೊಳಗೆ ಆ ಕ್ಷಣದಲ್ಲಿ ಏನು ನಡೆಯಿತೆಂಬುದನ್ನು ಕಂಡು ಹೇಳಿದ ಸಾಕ್ಷಿಯು ಆ ವೃತ್ತಾಂತದಲ್ಲಿ ಇಲ್ಲ. ರಾಜನು ತಾನೇ ಹೊಡೆದುಕೊಂಡನೆಂದು ಒಂದು ಪಕ್ಷ. ಸೆರೆಯ ಅವಧಿಯು ಇಷ್ಟು ಕಡಮೆಯಾದ ಮೇಲೆ ಅವನೇಕೆ ಸಾಯಬೇಕು, ಅವನನ್ನು ಕೊಂದಿರಬೇಕೆಂದು ಸುರಪುರದ ಸೀಮೆಯ ಜನರ ಪಕ್ಷ. ಕುತೂಹಲದಿಂದ ಕೈಗೆ ತೆಗೆದುಕೊಂಡಾಗ ಗುಂಡು ತಾನಾಗಿ ಹಾರಿತೆಂಬ ಮೂರನೆಯ ಪಕ್ಷಕ್ಕೂ ಆಸ್ಪದವುಂಟು. ಕಪಟರಾಳ ಕೃಷ್ಣರಾಯರು ಮೊದಲಾದವರು ಸುರಪುರದ ಚರಿತ್ರೆಯನ್ನು ಶ್ರಮದಿಂದ ಬರೆದು ಈ ವಿಚಾರಕ್ಕೆ ದಾರಿಯನ್ನು ಮಾಡಿಕೊಟ್ಟಿರುವರು. ಹೀಗಿರಲು, ಆ ಆಯುಧವೇ ದೊರೆಯಿತೆಂದು ಯಾರಾದರೂ ಹೇಳಿದರೆ ಅದು ಅಲ್ಪ ವಿಷಯವಲ್ಲ. ವಿವಾದದ ನಡುವೆ ಒಬ್ಬ ಹೊಸ ಸಾಕ್ಷಿಯನ್ನು ತಂದು ನಿಲ್ಲಿಸಿದಂತಾಗುವುದು. ಸಾಕ್ಷಿಯು ಸುಳ್ಳಾದರೆ ಮುಂದೆ ಅದನ್ನು ನಂಬಿ ಕಟ್ಟುವ ಸಿದ್ಧಾಂತವೆಲ್ಲವೂ ಸುಳ್ಳಾಗುವುದು.

೪. ಆ ಕಾಲದ ರಿವಾಲ್ವರುಗಳ ಲಕ್ಷಣ

೧೮೫೮ರಲ್ಲಿ ಇಂಗ್ಲೀಷ್ ಅಧಿಕಾರಿಯ ಸೊಂಟದಲ್ಲಿ ಎಂತಹ ರಿವಾಲ್ವರು ಇರಬಹುದಾಗಿತ್ತು? ಆಗ ಅಧಿಕಾರಿಗಳು ಇಂತಹ ಆಯುಧವನ್ನು ಸ್ವಂತ ಹಣದಿಂದ ಕೊಳ್ಳುವ ವಾಡಿಕೆಯಿತ್ತು. ಆದಕಾರಣ ಒಂದೇ ಮಾದರಿಯನ್ನು ಹೇಳಲಾಗದು. ಆದರೂ ಪ್ರಚಾರದಲ್ಲಿದ್ದ ಮಾದರಿಗಳು ಕೆಲವೇ. ಅಮೆರಿಕದ ಕೋಲ್ಟನು ೧೮೫೩ರಲ್ಲಿ ಲಂಡನ್ನಿನಲ್ಲಿಯೇ ಕಾರ್ಖಾನೆಯನ್ನು ತೆರೆದು ಕೆಲವು ವರ್ಷ ನಡೆಯಿಸಿದನು. ಅವನ ರಿವಾಲ್ವರಿನಲ್ಲಿ ಪ್ರತಿ ಹೊಡೆತಕ್ಕೂ 'ಕುದುರೆ'ಯನ್ನು, ಎಂದರೆ ಬೆಂಕಿಯೇಳುವಂತೆ ಬಂದು ಬಡಿಯುವ ಕೊಂಡಿಯನ್ನು, ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಲಂಡನ್ನಿನ ಆಡಮ್ಸನು ೧೮೫೧ರಲ್ಲಿ ಹಕ್ಕುಪತ್ರವನ್ನು ಪಡೆದ ರಿವಾಲ್ವರಿನಲ್ಲಿ ಟ್ರಿಗರನ್ನು ಎಳೆದರೆ ಕುದುರೆಯು ತಾನೇ ಏಳುವುದು, ತಾನೇ ಬೀಳುವುದು. ಬೋಮಂಟನ ೧೮೫೬ರ ತಿದ್ದುಪಡಿಯಿಂದ ಎರಡು ವಿಧವೂ ಒಂದೇ ಆಯುಧದಲ್ಲಿ ಸಾಧ್ಯವಾಯಿತು. ಟ್ರಾಂಟರನ ಮಾದರಿಯೂ ಆ ಕಾಲದ್ದೇ.

ಈ ಎಲ್ಲ ಮಾದರಿಗಳಿಗೂ ಸಾಮಾನ್ಯವಾದ ಲಕ್ಷಣವೊಂದುಂಟು. ಸುತ್ತುವ ಉರುಳೆಯ ಪ್ರತಿಯೊಂದು ಗೂಡಿಗೂ ಮುಂದಿನಿಂದ ಮದ್ದನ್ನು ತುಂಬಿ ಗುಂಡನ್ನು ಒತ್ತಬೇಕು. ಹಿಂದಿನಿಂದ ಪ್ರತಿ ಗೂಡಿನ ಮೊಲೆಯಂತಹ ಮೊನೆಗೆ ಒಂದೊಂದು ತಾಮ್ರದ ಕೇಪನ್ನು ತೊಡಿಸಬೇಕು. ಉರುಳೆಯು ಹಿಂಬದಿಯಲ್ಲಿ ಮುಚ್ಚಿರುವುದು. ಮದ್ದು, ಗುಂಡು, ಕೇಪು ಮೂರೂ ಒಂದಾಗಿ ಲೋಹದ ಕೋಶದಲ್ಲಿ ಅಡಗಿರುವ ತೋಟಾವನ್ನು ಹಿಂದಿನಿಂದ ತೂರಿಸುವ ರಿವಾಲ್ವರು ಇಂಗ್ಲೀಷ್ ಅಧಿಕಾರಿಗಳಲ್ಲಿ ಬಳಕೆಗೆ ಬಂದುದು ೧೮೬೦ರ ದಶಕದಿಂದ ಈಚೆಗೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಫ್ರಾನ್ಸಿನ ಲೆಫೋಶೋ ಎಂಬವನ ತೋಟಾ ರಿವಾಲ್ವರು ೧೮೫೪ರಷ್ಟು ಹಿಂದಿನದಲ್ಲವೇ? ಹೌದು. ಆದರೆ ಅದರ ತೋಟಾಕ್ಕೆ ಪಕ್ಕದಲ್ಲಿ ಒಂದು ಸೂಜಿಯು ಹೊರಚಾಚಿರುವುದು. ಆ ಸೂಜಿಗೆಂದು ಉರುಳೆಯ ಅಂಚಿನಲ್ಲಿ ಕಚ್ಚುಗಳಿರುವುವು. ತೋಟಾದ ತಳದ ನಡುವೆ ಕೇಪು ಕುಳಿತಿರುವ ಮಾದರಿಯಿಂದ ಅದನ್ನು ಪ್ರತ್ಯೇಕಿಸುವುದು ಅಭ್ಯಾಸವಿಲ್ಲದವನಿಗೂ ಸುಲಭ. ಆದುದರಿಂದ ಪರೀಕ್ಷೆಯಲ್ಲಿ ನೋಡಬೇಕಾದ ಮೊದಲ ಅಂಶವೆಂದರೆ ಉರುಳೆಯ ಹಿಂಬದಿಯೇ.

೫. ವಸ್ತುವಿನ ಸ್ಥಿತಿ

ಲೈಸೆನ್ಸುದಾರನು ಮೃತನಾದರೆ ಆಯುಧವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಅಧಿಕಾರವು ವಾರಸುದಾರನಿಗೆ ತಾನಾಗಿ ಬರುವುದಿಲ್ಲ. ೧೯೫೯ರ ಆಯುಧ ಕಾಯಿದೆಯ ಪ್ರಕಾರ ಅದನ್ನು ಪೋಲೀಸು ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಠೇವಣಿಯಾಗಿ ಇಡಬೇಕು. ಮಾವನ ಮಗನು ವಿಳಂಬಮಾಡದೆ ಹಾಗೆಯೇ ಮಾಡಿದ್ದನು. ವ್ಯಾಪಾರಿಯ ಅಂಗಡಿಯಲ್ಲಿ, ಅವರ ಸಮ್ಮುಖದಲ್ಲಿ, ಅವರ ಕೈಯಿಂದಲೇ ನಾನು ಅದನ್ನು ಪರೀಕ್ಷಿಸಿದೆನು. ಆ ವೃದ್ಧರು ಮೊದಲು ಮಾಡಿದ ಕೆಲಸವನ್ನು ಇಲ್ಲಿ ಹೇಳಬೇಕು: ನಳಿಗೆಯನ್ನು ಗೋಡೆಯ ಕಡೆಗೆ ತಿರುಗಿಸಿ, ಪಕ್ಕದ ಬಾಗಿಲನ್ನು ತೆರೆದು, ಐದು ಗೂಡುಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ತೋಟಾ ಇಲ್ಲವೆಂದು ಕಂಡುಕೊಂಡರು. ನೂರು ವರ್ಷಗಳಿಂದ ಪೆಟ್ಟಿಗೆಯಲ್ಲಿದ್ದುದೆಂದು ಯಾರೂ ಈ ಕ್ರಮವನ್ನು ಬಿಡತಕ್ಕದ್ದಲ್ಲವೆಂದು ಅವರ ಮಾತು. ಬರಿಯ ಕುದುರೆಯನ್ನು ಬೀಳಿಸಿ ನೋಡುವುದಕ್ಕೂ ಅವರು ಒಪ್ಪಲಿಲ್ಲ; ಹಳೆಯ ಉಕ್ಕು ಮುರಿದರೆ ಜೋಡಿಸುವ ಬಿಡಿಭಾಗವು ದೊರೆಯದು.

ಓಲೆಯ ಕಟ್ಟನ್ನು ಪರೀಕ್ಷಿಸುವವನು ಗರಿಗಳ ಸಂಖ್ಯೆ, ಅಳತೆ, ಹುಳು ತಿಂದ ಭಾಗ, ಬೇರೆ ಕೈಯ ಬರಹ ಇವನ್ನು ಹೇಗೆ ಕ್ರಮವಾಗಿ ಬರೆದುಕೊಳ್ಳುವನೋ ಹಾಗೆಯೇ ನಾನು ಬರೆದುಕೊಂಡುದು ಇಂತಿರುವುದು.

ನಳಿಗೆಯು ಗಿಡ್ಡ; ಸುಮಾರು ಎರಡೂವರೆ ಅಂಗುಲ. ಒಳಗಿನ ಸುರುಳಿಗೆರೆಗಳು ಕಾಣುತ್ತವೆ. ಬಾಯ ಬಳಿ ತುಕ್ಕಿನ ಗುಳಿಗಳಿವೆ. ಗುಂಡಿನ ಅಳತೆಯು ಒಂದು ಅಂಗುಲದ ಸಾವಿರದಲ್ಲಿ ಮುನ್ನೂರಿಪ್ಪತ್ತನೆಯ ಭಾಗವೆಂದು ಕರೆಯಲ್ಪಡುವ ಸಣ್ಣ ವರ್ಗದ್ದು. ಉರುಳೆಗೆ ಐದು ಗೂಡುಗಳು. ಅವು ಹಿಂದಿನಿಂದ ಮುಂದಿನವರೆಗೆ ತೆರವಾಗಿವೆ. ಬಲಗಡೆ ತೋಟಾವನ್ನು ತುಂಬುವ ಚಿಕ್ಕ ಬಾಗಿಲುಂಟು. ಮೂರು ಗೂಡುಗಳು ಸ್ವಚ್ಛ, ಎರಡರಲ್ಲಿ ಗುಳಿಗಳು. ಕುದುರೆಯನ್ನು ಪೂರ್ತಿಯಾಗಿ ಎಳೆದಾಗ ಉರುಳೆಯು ನಾಲ್ಕು ಗೂಡುಗಳಲ್ಲಿ ಅಲುಗದೆ ನಿಲ್ಲುತ್ತದೆ. ಒಂದರಲ್ಲಿ ಮಾತ್ರ ಕೂದಲೆಳೆಯಷ್ಟು ಆಡುತ್ತದೆ. ಹಾಗೆ ಆಡಿದರೆ ಗೂಡೂ ನಳಿಗೆಯೂ ನೇರವಾಗದೆ ಹಾರಿಸುವವನಿಗೇ ಅಪಾಯ. ಖಾಲಿ ಕೋಶಗಳನ್ನು ನೂಕಿ ತೆಗೆಯುವ ಕಡ್ಡಿಯು ಬಾಗಿದೆ. ಮೈಗೆ ನಿಕಲ್ಲಿನ ಲೇಪವಿದ್ದು ಅರ್ಧದಷ್ಟು ಎದ್ದುಹೋಗಿದೆ. ಹಿಡಿಯು ಅಕ್ರೋಟದ ಮರದ್ದು. ಎಡಭಾಗದಲ್ಲಿ ಒಂದು ಚಕ್ಕೆ ಹಾರಿದೆ. ತಿರುಪುಗಳಲ್ಲಿ ಒಂದು ಮೂಲದ್ದಲ್ಲ. ಮಿಕ್ಕವುಗಳ ತಲೆಗಳು ಹೊಂದದ ತಿರುಪುಳಿಯಿಂದ ಕೆಟ್ಟಿವೆ. ಯಾರೋ ಊರಿನ ಕಮ್ಮಾರನಿಂದ ಒಮ್ಮೆ ಬಿಚ್ಚಿಸಿರಬೇಕು.

ಚೌಕಟ್ಟಿನ ನೆತ್ತಿಯ ಮೇಲೆ ಇಂಗ್ಲೀಷಿನಲ್ಲಿ ಒಂದು ಬರಹವಿದೆ. ಅದರ ಮೊದಲ ಶಬ್ದವು 'ಬ್ರಿಟಿಷ್' ಎಂಬುದು ಬರಿಗಣ್ಣಿಗೆ ಕಾಣುವುದು. "ಮ್ಯಾಲೆ ಬ್ರಿಟಿಷ್ ಅಂತ ಬರದದಲ್ಲ ಭಾವಾ, ಇನ್ನೇನು ಬೇಕು?" ಎಂದು ಮಾವನ ಮಗನು ನನ್ನನ್ನು ಹಲವು ಬಾರಿ ಕೇಳಿದ್ದನು. ಆ ಶಬ್ದದ ಮುಂದಿನ ಭಾಗವೆಲ್ಲ ತುಕ್ಕಿನಿಂದ ತಿಂದುಹೋಗಿತ್ತು. ತುಕ್ಕು ಅಲ್ಲಿಯೇ ಏಕೆ ಆಳವಾಯಿತೆಂದು ಯೋಚಿಸಿದಾಗ ಕಾರಣವು ಹೊಳೆಯಿತು. ಖಂಡೇನವಮಿಯ ದಿನ ಮಾವಂದಿರು ಹಸಿಗಂಧವನ್ನು ಹಚ್ಚುತ್ತಿದ್ದುದು ಸರಿಯಾಗಿ ಆ ಜಾಗಕ್ಕೆ. ತಿರುಪಿನ ಗೀರುಗಳಲ್ಲಿ ಕುಂಕುಮವು ಗಟ್ಟಿಯಾಗಿ ಕುಳಿತಿದೆ. ಪೂಜೆಯೇ ಬರಹವನ್ನು ಅಳಿಸುತ್ತ ಬಂದಿತ್ತು.

೬. ಕಾಲನಿರ್ಣಯ

ವ್ಯಾಪಾರಿಗಳು ಭೂತಕನ್ನಡಿಯನ್ನು ಕೊಟ್ಟು ದೀಪವನ್ನು ಓರೆಯಾಗಿ ಹಿಡಿದರು. ಸವೆದ ಶಿಲಾಶಾಸನವನ್ನು ಓದುವಾಗಲೂ ನಾವು ಮಾಡುವುದು ಇದೇ. ಅಳಿದ ಭಾಗದಲ್ಲಿ 'ಬುಲ್ ಡಾಗ್' ಎಂಬ ಅಕ್ಷರಗಳು ಸ್ಪಷ್ಟವಾದುವು. ಪೂರ್ತಿ ಬರಹವು 'ಬ್ರಿಟಿಷ್ ಬುಲ್ ಡಾಗ್'. ಇದು ಆಯುಧದ ದೇಶವನ್ನು ಹೇಳುವ ಮಾತಲ್ಲ, ಮಾದರಿಯ ಹೆಸರು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಎಂಬವರು ಈ ಹೆಸರಿನ ಗಿಡ್ಡ ರಿವಾಲ್ವರನ್ನು ಮಾರಾಟಕ್ಕೆ ತಂದುದು ೧೮೭೨ರಲ್ಲಿ. ಅದು ಜನಪ್ರಿಯವಾಗಲು ಬೆಲ್ಜಿಯಂ ಮೊದಲಾದ ದೇಶಗಳಲ್ಲಿ ಅಗ್ಗದ ಅನುಕರಣಗಳು ಅಸಂಖ್ಯವಾಗಿ ಹುಟ್ಟಿದುವು. ಹೆಸರನ್ನೂ ಹಾಗೆಯೇ ಕೆತ್ತಿದರು.

ಉರುಳೆಯ ಮೇಲೆ ಮತ್ತೊಂದು ಸಣ್ಣ ಮುದ್ರೆಯುಂಟು. ಅಂಡಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ಮೂರು ರೋಮನ್ ಅಕ್ಷರಗಳು, ಅವುಗಳ ಕೆಳಗೆ ಒಂದು ನಕ್ಷತ್ರ, ಅಂಡದ ಮೇಲೆ ಒಂದು ಕಿರೀಟ. ಇದು ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದ ಪರೀಕ್ಷಾಗೃಹದ ಮುದ್ರೆ. ಅಲ್ಲಿ ತಯಾರಾದ ಬಂದೂಕುಗಳನ್ನು ಹೆಚ್ಚು ಮದ್ದಿನಿಂದ ಹಾರಿಸಿ, ಒಡೆಯದಿದ್ದರೆ ಈ ಗುರುತನ್ನು ಒತ್ತುವರು. ಇಂಗ್ಲೆಂಡಿನಲ್ಲಿ ಪರೀಕ್ಷಿಸಲ್ಪಟ್ಟ ಆಯುಧಕ್ಕೆ ಬರ್ಮಿಂಗ್‌ಹ್ಯಾಮಿನ ಅಥವಾ ಲಂಡನ್ನಿನ ಬೇರೆ ಮುದ್ರೆಗಳಿರಬೇಕು. ಇದರ ಮೇಲೆ ಅವಾವುವೂ ಇಲ್ಲ. ಲಿಯೇಜಿನ ಮುದ್ರೆಯಲ್ಲಿ ಅಂಡದ ಮೇಲೆ ಕಿರೀಟವನ್ನು ಸೇರಿಸಿದುದು ೧೮೯೩ರ ನಿಯಮದಿಂದ; ಅದಕ್ಕೆ ಹಿಂದಿನ ಮುದ್ರೆಯಲ್ಲಿ ಕಿರೀಟವಿಲ್ಲ. ಆದುದರಿಂದ ನಮ್ಮ ರಿವಾಲ್ವರು ೧೮೯೩ಕ್ಕಿಂತ ಹಿಂದಿನದಾಗಲಾರದು.

ಈ ಎರಡು ಹೇತುಗಳು ಪರಸ್ಪರ ಸ್ವತಂತ್ರವಾದುವು. ಒಂದು ಯಂತ್ರರಚನೆಯಿಂದ ಬಂದುದು: ಹಿಂಬದಿ ತೆರವಾಗಿ, ಸೂಜಿಯ ಕಚ್ಚುಗಳಿಲ್ಲದೆ, ತಳಕೇಪಿನ ತೋಟಾಕ್ಕಾಗಿಯೇ ಮಾಡಿದ ಉರುಳೆ. ಇನ್ನೊಂದು ಮುದ್ರೆಯಿಂದ ಬಂದುದು. ಎರಡೂ ಒಂದೇ ಕಡೆಗೆ ಕೈತೋರುತ್ತವೆ. ಹಳೆಯ ಅರಸನ ಹೆಸರನ್ನೂ ಶಕವರ್ಷವನ್ನೂ ಹೊತ್ತಿದ್ದರೂ ಲಿಪಿಯು ಈಚಿನದಾಗಿರುವ ತಾಮ್ರಪಟವನ್ನು ನಾವು ಕೂಟಶಾಸನವೆನ್ನುವೆವು. ಅಲ್ಲಿ ಬರಹದ ಅರ್ಥಕ್ಕಿಂತ ಬರಹದ ರೂಪವೇ ಬಲವತ್ತರ. ಇಲ್ಲಿಯೂ 'ಬ್ರಿಟಿಷ್' ಎಂಬ ದೊಡ್ಡ ಅಕ್ಷರಗಳಿಗಿಂತ ಸಾಸಿವೆಯಷ್ಟಿರುವ ಕಿರೀಟವೇ ಬಲವತ್ತರವಾದ ಸಾಕ್ಷಿ.

ಮೂರನೆಯ ಸಾಕ್ಷಿಯು ಮನೆಯ ಪೆಟ್ಟಿಗೆಯಲ್ಲಿಯೇ ದೊರೆಯಿತು. ಆಯುಧವನ್ನು ಸುತ್ತಿದ್ದ ಬಟ್ಟೆಯ ಕೆಳಗೆ ನಾಲ್ಕು ಮಡಿಕೆಯ ಒಂದು ಉರ್ದು ಕಾಗದವಿತ್ತು. ಉರ್ದು ಬಲ್ಲ ಮಿತ್ರರೊಬ್ಬರಿಂದ ಅದನ್ನು ಓದಿಸಿದೆನು. ಅದು ನಿಜಾಮರ ಸರಕಾರದ ಕಾಲದ ಆಯುಧದ ಪರವಾನಗಿ. ವರ್ಷವು ಫಸಲಿ ೧೩೩೬, ಎಂದರೆ ೧೯೨೬ರ ಅಕ್ಟೋಬರಿನಿಂದ ೧೯೨೭ರ ಅಕ್ಟೋಬರಿನವರೆಗಿನ ಕಾಲ. ಹೆಸರು ಮಾವಂದಿರ ತಂದೆಯವರದು. ವಿವರಣೆಯು ಐದು ಗುಂಡಿನ ತಮಂಚಾ ಒಂದು ಎಂದು. ಕಾಗದದಲ್ಲಿ ಬರೆದ ಸಂಖ್ಯೆಯೂ ಚೌಕಟ್ಟಿನ ಮೇಲೆ ಒತ್ತಿದ ಸಂಖ್ಯೆಯೂ ಒಂದೇ. ಷರಾದಲ್ಲಿ ಒಂದೇ ಮಾತು: 'ಖರೀದಿ'.

ಪಿತ್ರಾರ್ಜಿತವಾದುದನ್ನು ಭಯದಿಂದ ಖರೀದಿಯೆಂದು ಬರೆಯಿಸಿರಬಾರದೇಕೆ ಎಂದು ಕೇಳಬಹುದು. ಕಾಗದವೊಂದೇ ಇದ್ದಿದ್ದರೆ ಈ ಶಂಕೆಗೆ ಎಡೆಯಿತ್ತು. ಆದರೆ ವಸ್ತುವಿನ ಮೈಮೇಲಿನ ಸಾಕ್ಷಿಯು ಕಾಗದಕ್ಕೆ ಮೊದಲೇ ಸಿದ್ಧವಾಗಿದೆ. ಕಾಗದವು ಅದಕ್ಕೆ ಅನುವಾದಕ ಮಾತ್ರ. ಇಷ್ಟರಿಂದ ನಿರ್ಣಯವು ಇದು: ಈ ರಿವಾಲ್ವರು ಲಿಯೇಜಿನಲ್ಲಿ ಪರೀಕ್ಷಿಸಲ್ಪಟ್ಟ, ೧೮೯೩ಕ್ಕೆ ಈಚಿನ, ೧೯೨೭ಕ್ಕೆ ಹಿಂದಿನ ಬುಲ್ ಡಾಗ್ ಮಾದರಿಯ ಆಯುಧ. ಸುರಪುರದ ರಾಜನು ತೀರಿದಾಗ ಇದಿನ್ನೂ ಹುಟ್ಟಿರಲಿಲ್ಲ.

೭. ಐತಿಹ್ಯದ ಬೆಲೆ

ನಿರ್ಣಯವನ್ನು ಬರೆದು ಮುಗಿಸಿದ ರಾತ್ರಿ ನನಗೆ ಸಂತೋಷವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ತಾಯಿಯವರು ಹೇಳಿದ ಕಥೆಯು ಸುಳ್ಳೆಂದು ಹೇಳುವುದು ಯಾವ ಮಗನಿಗೂ ಹಿತವಲ್ಲ. ಆದರೆ ಪುನಃ ಆಲೋಚಿಸಿದಾಗ, ಕಥೆಯಲ್ಲಿ ಸುಳ್ಳಾದುದು ಯಾವ ಭಾಗವೆಂಬುದನ್ನು ಬಿಡಿಸಿ ನೋಡಬೇಕೆಂದು ತೋರಿತು.

ಕಥೆಯಲ್ಲಿ ಮೂರು ಅಂಶಗಳಿವೆ: ಮುತ್ತಾತನು ಸೈನ್ಯದ ಗುಮಾಸ್ತನಾಗಿದ್ದನೆಂಬುದು ಒಂದು, ಬಿಡಾರದಲ್ಲಿ ರಾಜನು ಅಧಿಕಾರಿಯ ರಿವಾಲ್ವರಿನಿಂದ ಸತ್ತನೆಂಬುದು ಎರಡು, ಆ ರಿವಾಲ್ವರೇ ಇದೆಂಬುದು ಮೂರು. ಇವುಗಳಲ್ಲಿ ಮೂರನೆಯದು ಮಾತ್ರ ಬಾಧಿತವಾಯಿತು. ಎರಡನೆಯದು ಟೇಲರರ ವೃತ್ತಾಂತದೊಡನೆ ಸರಿಹೊಂದುತ್ತದೆ. ನಮ್ಮ ತಾಯಿಯವರಾಗಲಿ ಅವರ ತಾಯಿಯವರಾಗಲಿ ಇಂಗ್ಲೀಷನ್ನು ಓದಿದವರಲ್ಲ; ಆ ಪುಸ್ತಕವು ಆ ಮನೆಯೊಳಗೆ ಬಂದುದೂ ಇಲ್ಲ. ಆದರೂ ಅಧಿಕಾರಿಯ ಆಯುಧವೆಂಬ ವಿವರವು ಅವರ ನಾಲಗೆಯಲ್ಲಿ ಉಳಿದಿತ್ತು. ಮೊದಲನೆಯದು ಅಸಂಭವವಾದುದಲ್ಲ. ಮುತ್ತಾತನು ಆ ಬಿಡಾರದಿಂದ ಊರಿಗೆ ತಂದುದು ಸುದ್ದಿಯನ್ನು. ಮೊಮ್ಮಗನು ಎಪ್ಪತ್ತು ವರ್ಷಗಳ ಬಳಿಕ ಕೊಂಡು ತಂದುದು ಪಿಸ್ತೂಲನ್ನು. ಇವೆರಡೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಪೂಜೆಯಲ್ಲಿ ಸೇರಿ ಒಂದಾದುವೆಂದು ನನ್ನ ಅನುಮಾನ. ಸುಳ್ಳು ಹೇಳಬೇಕೆಂಬ ಬುದ್ಧಿಯು ಇಲ್ಲಿ ಯಾರಲ್ಲಿಯೂ ಇರಲಿಲ್ಲ. ಹಸ್ತಪ್ರತಿಗಳಲ್ಲಿಯೂ ಅಂಚಿನಲ್ಲಿ ಬರೆದ ಟಿಪ್ಪಣಿಯು ಮುಂದಿನ ಲಿಪಿಕಾರನ ಕೈಯಲ್ಲಿ ಮೂಲದೊಳಗೆ ಸೇರಿಹೋಗುವುದುಂಟು. ಆ ಕಾರಣಕ್ಕಾಗಿ ನಾವು ಟಿಪ್ಪಣಿಯನ್ನು ಸುಡುವುದಿಲ್ಲ, ಅದರ ಸ್ಥಾನದಲ್ಲಿ ಇಡುತ್ತೇವೆ.

ಸುರಪುರದ ಪ್ರಶ್ನೆಗೂ ಇದರಿಂದ ಒಂದು ಪಾಠವುಂಟು. ಟೇಲರರು ಹೇಳುವುದು ರಿವಾಲ್ವರ್ ಪಿಸ್ತೂಲು ಎಂದಷ್ಟೆ. ಅದು ಕೋಲ್ಟನದಾಗಿದ್ದರೆ ಕುದುರೆಯನ್ನು ಮೊದಲು ಎಳೆದು ನಿಲ್ಲಿಸದೆ ಗುಂಡು ಹಾರದು. ಆಡಮ್ಸನದಾಗಿದ್ದರೆ ಟ್ರಿಗರನ್ನು ಬಲವಾಗಿ ಎಳೆದರೆ ಸಾಕು. ಆತ್ಮಹತ್ಯೆಯೋ ಅಕಸ್ಮಾತ್ತೋ ಎಂದು ವಾದಿಸುವವರಿಗೆ ಈ ಭೇದವು ಅಲ್ಪವಲ್ಲ. ನಮ್ಮ ಮನೆಯ ಬುಲ್ ಡಾಗನ್ನು ನಿಜವಾದ ಆಯುಧವೆಂದು ಪ್ರದರ್ಶನದಲ್ಲಿ ಇಟ್ಟಿದ್ದರೆ, ನಾಳೆ ಯಾರೋ ವಿದ್ಯಾರ್ಥಿಯು ಅದರ ಯಂತ್ರವನ್ನು ನೋಡಿ ರಾಜನ ಮರಣದ ವಿಷಯವಾಗಿ ತೀರ್ಪು ಕೊಡುತ್ತಿದ್ದನು. ತನ್ನ ಮಾತನ್ನು ತಾನು ಹೇಳಲಾರದೆ ಸತ್ತ ಇಪ್ಪತ್ತುನಾಲ್ಕರ ಯುವಕನ ಮೇಲೆ ಮತ್ತೊಂದು ಸುಳ್ಳು ಸಾಕ್ಷಿಯನ್ನು ಹೇರುವ ಅಧಿಕಾರವು ನಮ್ಮ ಮನೆತನಕ್ಕಿಲ್ಲ.

೮. ಉತ್ತರಾಧಿಕಾರ ಮತ್ತು ಸಂರಕ್ಷಣೆ

ಇನ್ನು ವ್ಯವಹಾರದ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಹಳೆಯ ಮನೆಗಳಲ್ಲಿ ಇಂತಹ ವಸ್ತುವುಳ್ಳ ವಾಚಕರಿಗೆ ಇದು ಉಪಯುಕ್ತವಾದೀತು. ಹಳೆಯದೆಂಬ ಮಾತ್ರಕ್ಕೆ ಆಯುಧವು ಕಾಯಿದೆಯಿಂದ ಹೊರಗಾಗುವುದಿಲ್ಲ. ೧೯೫೯ರ ಕಾಯಿದೆಯ ೪೫ನೆಯ ಕಲಮು ಬಳಕೆ ತಪ್ಪಿದ ಅಥವಾ ಪುರಾತನ ಬೆಲೆಯುಳ್ಳ ಆಯುಧಗಳಿಗೆ ವಿನಾಯಿತಿಯನ್ನು ಕೊಡುವುದಾದರೂ, ರಿಪೇರಿಮಾಡಿದರೂ ಹಾರಿಸಲಾಗದಂತಹದು ಎಂಬ ನಿಬಂಧನೆಯನ್ನು ಅದಕ್ಕೆ ಹಾಕಿರುವುದು. ನಮ್ಮದು ರಿಪೇರಿಗೆ ಬರತಕ್ಕದ್ದೆಂದು ವ್ಯಾಪಾರಿಗಳ ಅಭಿಪ್ರಾಯವಾದುದರಿಂದ ವಿನಾಯಿತಿಯು ಸಲ್ಲದು. ೨೦೧೬ರ ಆಯುಧ ನಿಯಮಗಳಲ್ಲಿ ಮೃತನ ವಾರಸುದಾರನಿಗೆ ಲೈಸೆನ್ಸು ಕೊಡುವ ಮಾರ್ಗವುಂಟು; ಮಾವನ ಮಗನು ಅದರಂತೆ ಅರ್ಜಿಯನ್ನು ಸಲ್ಲಿಸಿರುವನು.

ಸಂರಕ್ಷಣೆಯ ವಿಷಯದಲ್ಲಿ ಎರಡು ಮಾತು. ನಿಕಲ್ ಲೇಪವನ್ನು ಹೊಸದಾಗಿ ಹಾಕಿಸುವುದೂ ತುಕ್ಕನ್ನು ಉಜ್ಜಿ ಹೊಳಪು ಕೊಡುವುದೂ ಕೂಡದು. ಹಾಗೆ ಮಾಡಿದರೆ ಕಾಲನಿರ್ಣಯಕ್ಕೆ ಆಧಾರವಾದ ಮುದ್ರೆಯೇ ಸವೆದುಹೋಗುವುದು. ಮೆತ್ತನೆಯ ಬಟ್ಟೆಯಿಂದ ತೆಳುವಾಗಿ ಎಣ್ಣೆಯನ್ನು ಸವರಿ, ತೇವವಿಲ್ಲದ ಕಡೆ ಇಟ್ಟರೆ ಸಾಕು. ತೊಗಲಿನ ಚೀಲದಲ್ಲಿ ಇಟ್ಟರೆ ತೊಗಲು ತೇವವನ್ನು ಹಿಡಿದು ತುಕ್ಕನ್ನು ಬೆಳೆಸುವುದು.

ಎಲ್ಲವನ್ನೂ ಕೇಳಿದ ಮೇಲೆ ಮಾವನ ಮಗನು ಬಹಳ ಹೊತ್ತು ಸುಮ್ಮನಿದ್ದನು. ಅತ್ತೆಯವರು ಮಾತ್ರ, "ಹಂಗಾದ್ರ ಖಂಡೇನವಮಿಗೆ ಇದರ ಪೂಜಿ ಬಿಡಬೇಕೇನಪ್ಪಾ?" ಎಂದು ಕೇಳಿದರು. ಪೂಜೆಗೆ ಕಾಲನಿರ್ಣಯವು ಬೇಡ, ಲೈಸೆನ್ಸು ಬಂದು ವಸ್ತುವು ಮನೆ ಸೇರಿದ ಮೇಲೆ ಎಂದಿನಂತೆ ನಡೆಯಿಸಿರಿ, ಗಂಧವನ್ನು ಮಾತ್ರ ಉಕ್ಕಿಗೆ ಹಚ್ಚದೆ ಅದರ ಮುಂದಿನ ತಟ್ಟೆಗೆ ಹಚ್ಚಿರಿ ಎಂದೆನು. ಅವರು ಒಪ್ಪಿದರು.

ಫಲಕದ ವಿಷಯವು ಉಳಿಯಿತು. ವಸ್ತುಸಂಗ್ರಹಾಲಯಕ್ಕೆ ಕೊಡುವ ವಿಚಾರವನ್ನು ಮಾವನ ಮಗನು ಸದ್ಯಕ್ಕೆ ಕೈಬಿಟ್ಟಿರುವನು. ಆದರೂ ಕೇಳಿದ ಕೆಲಸವನ್ನು ಮಾಡಬೇಕಾದುದು ನನ್ನ ಕರ್ತವ್ಯವಾದುದರಿಂದ ಒಂದು ಚೀಟಿಯನ್ನು ಬರೆದು ಉರ್ದು ಕಾಗದದೊಡನೆ ಪೆಟ್ಟಿಗೆಯಲ್ಲಿ ಇರಿಸಿದ್ದೇನೆ. ಅದರಲ್ಲಿ ಹೀಗಿದೆ: 'ಬುಲ್ ಡಾಗ್ ಮಾದರಿಯ ಐದು ಗುಂಡಿನ ರಿವಾಲ್ವರು. ಲಿಯೇಜ್ ಮುದ್ರೆ, ೧೮೯೩ಕ್ಕೆ ಈಚಿನದು. ಫಸಲಿ ೧೩೩೬ರ ಪರವಾನಗಿಯಲ್ಲಿ ಖರೀದಿಯೆಂದು ಬರೆದಿದೆ. ಸುರಪುರದ ರಾಜನು ತೀರಿದ ಬಿಡಾರದಲ್ಲಿ ಈ ಮನೆಯ ಹಿರಿಯರೊಬ್ಬರಿದ್ದರೆಂಬುದು ಮನೆಯವರು ಹೇಳುತ್ತ ಬಂದ ಮಾತು. ಈ ಆಯುಧವು ಅಂದಿನದಲ್ಲ.' ಕೆಳಗೆ ಪರೀಕ್ಷೆಯ ದಿನಾಂಕವನ್ನೂ ನನ್ನ ರುಜುವನ್ನೂ ಹಾಕಿದ್ದೇನೆ. ಮುಂದೆ ಈ ನಿರ್ಣಯದಲ್ಲಿ ದೋಷವನ್ನು ಕಾಣುವ ವಿದ್ವಾಂಸರು ಅದನ್ನು ತಿದ್ದಿ ಅದೇ ಚೀಟಿಯ ಕೆಳಗೆ ಬರೆಯಬೇಕೆಂದು ನನ್ನ ವಿಜ್ಞಾಪನೆ.